ಅಜ್ಜಿಯ ಕಿವಿಗೆ ಹಿಡಿದ ಕಾಯಿ

ಅಜ್ಜಿಗೆ ಸ್ಟ್ರೋಕ್ ಆದ ಬೆಳಿಗ್ಗೆ ನಾನು ಅವಳನ್ನು ಅಣಕಿಸಿದೆ.

ಅಣಕಿಸುವುದು ನನ್ನ ಕಸುಬು. ಪಿಯುಸಿಯನ್ನು ಮೂರು ಸಲ ಬರೆದವನಿಗೆ ಬೇರೇನೂ ಬರುತ್ತಿರಲಿಲ್ಲ. ತುರುವೇಕೆರೆ ಬಸ್ಸಿನ ಕಂಡಕ್ಟರ್, ದೊಡ್ಡಪ್ಪನ ಸೀನು, ಕನ್ನಡಿ ಮುಂದೆ ಇಲ್ಲದ ಮೀಸೆ ತಿರುವುವ ನಾನು, ಯಾರನ್ನೂ ಬಿಟ್ಟವನಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅಜ್ಜಿಯ ದನಿ. ಹಿತ್ತಲಲ್ಲಿ ನಿಂತು ಆ ದನಿಯಲ್ಲಿ ಕೂಗಿದರೆ ಅವ್ವ ಒಲೆ ಬಿಟ್ಟು ಓಡಿಬರುತ್ತಿದ್ದಳು.

ಅವತ್ತು ಅಟ್ಟದಿಂದ ತೆಂಗಿನಕಾಯಿ ಇಳಿಸುತ್ತಿದ್ದೆವು. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಅದರ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಹೇಳಬೇಕಾದದ್ದು ಕಿವಿ. ಕುಲುಕಿದರೆ ಒಳಗೆ ಗಡಗಡ ಅನ್ನಬೇಕು. ಅವಸರಪಟ್ಟು ಒಡೆದರೆ ವರ್ಷದ ಕಾಯುವಿಕೆ ದಂಡ. ನಮ್ಮ ಮನೆಯಲ್ಲಿ ಆ ಕಿವಿ ಅಜ್ಜಿಯದು. ಎಪ್ಪತ್ತೆಂಟರಲ್ಲೂ ಏಣಿ ಹತ್ತಿ, ಒಂದೊಂದನ್ನೂ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕುಲುಕುತ್ತಿದ್ದಳು.

ಅವಳ ಕೈಯಿಂದ ಕಾಯಿ ಜಾರಿತು. ಏಣಿ ಇಳಿದು ಕಂಬ ಹಿಡಿದುಕೊಂಡಳು. "ಆ ಮೂ… ಲೇ… ದು…" ಅಂದಳು. ಮಾತು ಬಾಯಿಯ ಒಂದೇ ಪಕ್ಕದಿಂದ ಬಂತು.

ನಾನೂ ಬಾಯಿ ಸೊಟ್ಟ ಮಾಡಿ ಹಾಗೇ ಅಂದೆ. ದೊಡ್ಡಪ್ಪ ನಕ್ಕರು. ಕಾಯಿ ಸುಲಿಯಲು ಬಂದವರೂ ನಕ್ಕರು.

ಅಜ್ಜಿ ನಗಲಿಲ್ಲ. ಕಂಬ ಹಿಡಿದ ಹಾಗೇ ಕೆಳಗೆ ಕುಸಿದಳು.

ಕಾಯಿ ಸಾಗಿಸುವ ಟೆಂಪೊದಲ್ಲಿ, ಖಾಲಿ ಚೀಲಗಳ ಮೇಲೆ ಮಲಗಿಸಿಕೊಂಡು ತಿಪಟೂರಿಗೆ ಹೋದೆವು. ಸ್ಕ್ಯಾನ್ ಆಯಿತು. ಡಾಕ್ಟರ್ ಅಜ್ಜಿಯ ಬಲಗೈಯನ್ನು ಮೇಲೆತ್ತಿ ಕೈಬಿಟ್ಟರು. ಅದು ಒದ್ದೆ ಬಟ್ಟೆಯಂತೆ ಬಿತ್ತು.

"ನಾವು ಹೇಳೋದು ತಿಳೀತದಾ ಸಾರ್?" ಅವ್ವ ಕೇಳಿದಳು.

"ಈಗ್ಲೇ ಹೇಳಕ್ಕಾಗಲ್ಲಮ್ಮ. ಮಾತಾಡಿಸ್ತಾ ಇರಿ. ಮನೇಲಿ ಯಾರು ಜಾಸ್ತಿ ಮಾತಾಡೋರು?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಿ ಅವತ್ತು ಮುಚ್ಚಿದ್ದು ಎಷ್ಟೋ ದಿನ ತೆರೆಯಲೇ ಇಲ್ಲ.

ಡಿಸ್ಚಾರ್ಜ್ ಆದಮೇಲೆ ಅಜ್ಜಿಯ ಹಾಸಿಗೆ ಅಟ್ಟದ ಕೆಳಗೇ ಬಂತು. ಆ ಮಧ್ಯಾಹ್ನಗಳು ಈಗ ಕನಸಿನಲ್ಲಿ ಕಂಡಂತಿವೆ. ಹೊರಗಿನ ತೆಂಗಿನ ಗರಿಗಳ ನಡುವೆ ಸೋಸಿ ಬಂದ ಬೆಳಕು ಗೋಡೆಯ ಮೇಲೆ ನೀರಿನ ಹಾಗೆ ಅಲ್ಲಾಡುವುದು. ಅಜ್ಜಿ ಅದನ್ನೇ ನೋಡುತ್ತಿದ್ದಳು. ಅವಳ ಬಲಗೈಯಲ್ಲಿ ಫಿಸಿಯೋಥೆರಪಿಯ ಚೆಂಡು ಇಟ್ಟು ಕೂತ ನನಗೆ, ಬೆಳಕಿನಲ್ಲಿ ಅವಳೇ ಓಡಾಡುತ್ತಿರುವಂತೆ ಕಾಣುವುದು. ಹದಿನೈದಕ್ಕೆ ಮದುವೆಯಾಗಿ ಬಂದವಳು, ಸೊಂಟದ ಮೇಲೆ ಕೊಡ ಹೊತ್ತು ಸಸಿಗಳಿಗೆ ನೀರು ಹುಯ್ಯುತ್ತಿರುವಳು. ನಡುವಯಸ್ಸಿನವಳು, ಈಯುವ ಹಸುವಿನ ಪಕ್ಕ ಕೂತು ಬೆನ್ನು ನೀವುತ್ತಿರುವಳು. ಮನೆಯಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದು ತೆಂಗಿನ ಸಸಿ ನೆಟ್ಟವಳು. ನನ್ನದು ಸೊಟ್ಟಗೆ ಬೆಳೆದಿದೆ. "ಅದೂ ಯಾರ್ನೋ ಅಣಕಿಸ್ತಾ ನಿಂತದೆ, ನೋಡ್ಲಾ" ಅನ್ನುತ್ತಿದ್ದಳು.

ಅವಳಿಗೆ ನಾನು ಯಾರೆಂದು ಗೊತ್ತಿದೆಯೇ? ನನ್ನ ಸೊಟ್ಟ ಬಾಯಿಯೇ ಅವಳು ಕೊನೆಗೆ ಕಂಡದ್ದಾದರೆ?

ಎರಡು ತಿಂಗಳಾದ ಮೇಲೆ ದೊಡ್ಡಪ್ಪ ಮತ್ತೆ ಏಣಿ ಇಟ್ಟರು. "ಉಳಿದ ಕಾಯ್ನೂ ಇಳಿಸ್ರಪ್ಪ. ನಮ್ಮವ್ವಂಗೆ ಇನ್ನೇನ್ ತಿಳೀತದೆ" ಅಂದರು. ಅಂದವರು ಮುಖ ಆ ಕಡೆ ತಿರುಗಿಸಿಕೊಂಡರು.

ನಾನು ಮೊದಲ ಕಾಯಿ ತಂದು ಅಜ್ಜಿಯ ಎಡಗೈಗೆ ಕೊಟ್ಟು, ಕೆಳಗೆ ನನ್ನ ಕೈ ಆನಿಸಿದೆ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಾಯಿ ಮೆಲ್ಲಗೆ ಮೇಲೆದ್ದಿತು. ಕಿವಿಯ ಹತ್ತಿರ ಹೋಯಿತು. ಕಣ್ಣು ಮುಚ್ಚಿದಳು. ಕುಲುಕಿದಳು.

ನನಗೆ ತಡೆಯಲಾಗಲಿಲ್ಲ. ನನ್ನೊಳಗಿಂದ ಅವಳ ದನಿ ಹೊರಟಿತು: "ಇನ್ನೂ ಆಗಿಲ್ಲ ಕಣ್ಲಾ. ಮೇಲಿಕ್ಕು."

ಅವ್ವ ಒಲೆ ಬಿಟ್ಟು ಓಡಿಬಂದಳು. ಬಾಗಿಲಲ್ಲಿ ನಿಂತು ಅಜ್ಜಿಯನ್ನು ನೋಡಿದಳು, ನನ್ನನ್ನು ನೋಡಿದಳು. "ನಿನ್ ಬಾಯಿಗ್ ಮಣ್ಣಾಕ. ಮಾತು ಬಂತು ಅಂದ್ಕೊಂಡ್ನಲ್ಲೋ" ಎಂದು ಸೆರಗು ಕಣ್ಣಿಗೊತ್ತಿಕೊಂಡಳು.

"ಸು… ಳ್ಳು."

ಹೇಳಿದ್ದು ಅಜ್ಜಿ.

ಕಾಯನ್ನು ನನ್ನ ಕಿವಿಗೆ ತಂದು ಕುಲುಕಿದಳು. ಗಡಗಡ. ಕಾಯಿ ಆಗಿತ್ತು. ಆಗಿಲ್ಲ ಅಂದದ್ದು ನಾನು.

ದೊಡ್ಡಪ್ಪ ಏಣಿಯ ಮೇಲೇ ಕೂತುಬಿಟ್ಟರು. ಅವತ್ತಿನಿಂದ ಅಟ್ಟದ ಪ್ರತಿ ಕಾಯಿಯೂ ಅಜ್ಜಿಯ ಕಿವಿ ದಾಟಿಯೇ ಹೊರಗೆ ಹೋದದ್ದು. ಕೆಲಸ ನಾಲ್ಕು ದಿನ ಹಿಡಿಯಿತು. ಯಾರೂ ಗೊಣಗಲಿಲ್ಲ.

ಈಗ ಅವಳಿಗೆ ಮೂರು ಮಾತು ಬರುತ್ತವೆ: ಸುಳ್ಳು, ನೀರು, ಸಾಕು. ಬಲಗೈ ಮಡಿಲಲ್ಲೇ ಇದೆ. ಇನ್ನಷ್ಟು ಬರಬಹುದು, ಬಾರದೆಯೂ ಇರಬಹುದು ಅನ್ನುತ್ತಾರೆ ಡಾಕ್ಟರ್. ನೋಡಲು ಬಂದ ನೆಂಟರಿಗೆ ಅವಳ ದನಿಯಲ್ಲಿ ನಾನೇ ಅವಳ ಬದುಕು ಹೇಳುತ್ತೇನೆ. ಕೊಡ, ಹಸು, ಸಸಿ. ಎಲ್ಲೋ ಎರಡು ಕೊಡ ಹೆಚ್ಚಿಗೆ ಹೊರಿಸಿದರೆ "ಸುಳ್ಳು" ಅನ್ನುತ್ತಾಳೆ.

ಮೊನ್ನೆ ನೆಂಟರೆಲ್ಲ ಹೋದಮೇಲೆ ಅದೇ ದನಿಯಲ್ಲಿ ಅಂದೆ: "ಅವತ್ತು ಈ ಹೈದ ಅಣಕಿಸ್ದಾಗ ನಂಗೆ ಬೋ ಸಂಕ್ಟ ಆಯ್ತು."

ಸುಳ್ಳು ಅಂತಾಳೇನೋ ಎಂದು ಕಾದೆ.

ಅನ್ನಲಿಲ್ಲ. ಎಡಗೈ ಚಾಚಿ ನನ್ನ ತಲೆ ಹಿಡಿದಳು. ಕಿವಿಯ ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಕುಲುಕಿದಳು.

"ಬುಡು" ಅಂದಳು.

ಅದು ನಾಲ್ಕನೆಯ ಮಾತು.