ಕನ್ನಡಕ ಸರಿಮಾಡಿಕೊಳ್ಳುವ ಮೆಟ್ಟಿಲು

ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಮೆಟ್ಟಿಲು ಮೇಡಂ ಅಂತಲೇ ಕರೆಯುತ್ತಿದ್ದರು. ಪತ್ರ ಟೈಪ್ ಮಾಡುವುದು, ಪಟ್ಟಿ ಹಾಕುವುದು, ಲೆಕ್ಕ ಕೂಡಿಸುವುದು, ಹೀಗೆ ಆಫೀಸಿಗೆ ಬೇಕಾದ ಕಂಪ್ಯೂಟರ್ ವಿದ್ಯೆಗೆ ಪುಸ್ತಕ ಬರೆಯುವುದು ಅವಳ ಕೆಲಸ. ಪಾಠದ ಒಂದೊಂದು ಹಂತಕ್ಕೂ ಮೆಟ್ಟಿಲು ಎಂದು ಹೆಸರಿಟ್ಟಿದ್ದಳು. ಒಂದು ಮೆಟ್ಟಿಲಿಗೆ ಒಂದೇ ಕೆಲಸ. ಓದು, ಕೈಯಾರೆ ಮಾಡು, ಪರದೆ ನೋಡು, ಮುಂದಕ್ಕೆ ಹೋಗು. ಉಪದೇಶಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಮುಂಚೆ ಅವಳದೊಂದು ಪದ್ಧತಿ ಇತ್ತು. ಕಂಪ್ಯೂಟರ್ ಮುಟ್ಟಿಯೇ ಇರದ ಯಾರನ್ನಾದರೂ ಕರೆತಂದು, ಕರಡಿನ ಹಾಳೆ ಕೈಗೆ ಕೊಟ್ಟು, ತಾನು ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದಳು. ತುಟಿ ಪಿಟಕ್ಕೆನ್ನುವಂತಿಲ್ಲ. ಅವರು ತಡವರಿಸಿದ ಕಡೆ ತನ್ನ ಪ್ರತಿಯಲ್ಲೊಂದು ಚುಕ್ಕೆ ಇಡಬೇಕು, ಅಷ್ಟೇ. ತಪ್ಪೇನಿದ್ದರೂ ಪುಸ್ತಕದ್ದು, ಕಲಿಯುವವರದಲ್ಲ. ಬಾಯಿ ಹೇಗೋ ಸುಮ್ಮನಿರುತ್ತಿತ್ತು, ಕೈ ಕೇಳಬೇಕಲ್ಲ. ಮೌಸ್ ಕಸಿದುಕೊಂಡು ತೋರಿಸಿಬಿಡೋಣ ಎಂದು ತುರಿಸುತ್ತಿತ್ತು. ಅದಕ್ಕೇ ಚುಕ್ಕೆ ಇಡುವ ಹೊತ್ತು ಬಿಟ್ಟು ಉಳಿದಂತೆ ಎರಡೂ ಕೈ ತೊಡೆಯ ಕೆಳಗೆ ಒತ್ತಿಟ್ಟುಕೊಂಡಿರುತ್ತಿದ್ದಳು. ಏಳುವಾಗ ಬೆರಳೆಲ್ಲ ಜುಮುಗುಡುತ್ತಿತ್ತು.

ಊರವರಿಗೆಲ್ಲ ಇಷ್ಟು ತಾಳ್ಮೆ ತೋರಿಸುವ ಮಹಾತಾಯಿ, ಒಡಹುಟ್ಟಿದ ಅಕ್ಕನ ಮುಂದೆ ಮಾತ್ರ ಮುಗ್ಗರಿಸಿದಳು.

ಅಕ್ಕ ಒಂದು ಕಚೇರಿಯ ಟೈಪಿಸ್ಟ್. ಮಕ್ಕಳಾದ ಮೇಲೂ, ಕೂದಲು ನರೆತು ಕನ್ನಡಕ ಬಂದ ಮೇಲೂ ಅದೇ ಕಿಟಕಿ, ಅದೇ ಟೈಪ್‌ರೈಟರ್. ಈಗ ಅಲ್ಲಿಗೂ ಕಂಪ್ಯೂಟರ್ ಬಂದಿತ್ತು. ಪರೀಕ್ಷೆಯಲ್ಲಿ ಪಾಸಾದವರಿಗೆ ಅವರವರ ಕುರ್ಚಿ, ಇಲ್ಲದವರಿಗೆ ಹಿಂದಿನ ಗೋಡೌನಿನಲ್ಲಿ ಹಳೆಯ ಕಡತಗಳಿಗೆ ಚೀಟಿ ಅಂಟಿಸುವ ಕೆಲಸ. ಸಂಬಳಕ್ಕೇನೂ ಕುತ್ತಿರಲಿಲ್ಲ. ಆದರೆ ಟೈಪ್ ಮಾಡದ ಅಕ್ಕನನ್ನು ಮನೆಯಲ್ಲಿ ಯಾರೂ ಊಹಿಸಿಕೊಳ್ಳಲಾರರು, ಅಕ್ಕನಿಗಂತೂ ಆ ಯೋಚನೆಗೇ ಊಟ ಸೇರುತ್ತಿರಲಿಲ್ಲ.

ತಂಗಿ ಮನೆಯಲ್ಲೇ ಕಲಿಸಲು ಕೂತಳು. ಟೈಪ್‌ರೈಟರಿನಲ್ಲಿ ಸಾಲಿನ ಕೊನೆಗೆ ಟಿಣ್ ಎಂದು ಗಂಟೆ ಹೊಡೆಯುತ್ತದೆ, ಎಡಗೈಯಿಂದ ಪಕ್ಕದ ಹಿಡಿ ತಳ್ಳಿದರೆ ಹೊಸ ಸಾಲು ಶುರು. ಇಲ್ಲಿ ಮೊದಲ ಸಾಲು ಮುಗಿಯುತ್ತಿದ್ದಂತೆ ಅಕ್ಕನ ಎಡಗೈ ಮೇಲೆದ್ದು ಇಲ್ಲದ ಹಿಡಿಗಾಗಿ ತಡಕಾಡಿತು. ಅದರ ಬದಲು ಎಂಟರ್ ಒತ್ತಕ್ಕ ಎಂದುಬಿಟ್ಟಳು ತಂಗಿ, ಆತುರಕ್ಕೆ. ಅಲ್ಲಿಗೆ ಎಡವಟ್ಟಾಯಿತು. ಕಂಪ್ಯೂಟರಿನಲ್ಲಿ ಸಾಲು ತುಂಬಿದರೆ ತಾನಾಗಿಯೇ ಕೆಳಗಿಳಿಯುತ್ತದೆ, ಎಂಟರ್ ಬೇಕಿಲ್ಲ. ಅಕ್ಕ ಸಾಲುಸಾಲಿಗೂ ಎಂಟರ್ ಒತ್ತತೊಡಗಿದಳು. ನೋಡಲೇನೋ ಪತ್ರ ಮುತ್ತು ಪೋಣಿಸಿದ ಹಾಗೆ. ಅಕ್ಷರ ದೊಡ್ಡದು ಮಾಡಿದ್ದೇ ತಡ, ಸಾಲುಗಳೆಲ್ಲ ಕಂಡಕಂಡಲ್ಲಿ ತುಂಡಾಗಿ ಒಂದು ಉದ್ದ, ಒಂದು ಗಿಡ್ಡ. ಪರೀಕ್ಷೆಯಲ್ಲಿ ಅಕ್ಷರ ದೊಡ್ಡದು ಮಾಡಿಸದೆ ಬಿಡುವುದಿಲ್ಲ. ಒತ್ತಬೇಡ ಒತ್ತಬೇಡ ಎಂದು ಹೇಳಿ ಸಾಕಾಗಿ ತಂಗಿ ಕೀಲಿಮಣೆಯನ್ನೇ ತನ್ನ ಕಡೆಗೆ ಎಳೆದುಕೊಂಡಳು. ಅಕ್ಕ ಸಿಟ್ಟಾಗಲಿಲ್ಲ.

"ನೀನು ಬೇಡ ಕಣೇ. ನಿನ್ನ ಪುಸ್ತಕ ಕೊಡು, ಸಾಕು," ಎಂದಳು.

ಆ ಮಾತು ತಂಗಿಗೆ ನಾಟಿತು. ಹೊಸ ಪುಸ್ತಕದ ಕರಡು ಆಗಷ್ಟೇ ಸಿದ್ಧವಾಗಿತ್ತು. ಸಂಜೆ ತರಗತಿ ಖಾಲಿಯಾದ ಮೇಲೆ ಅಕ್ಕ ಕೇಂದ್ರಕ್ಕೆ ಬಂದು ಕೂತಳು. ತಂಗಿ ಹಿಂದೆ, ಕೈ ತೊಡೆಯ ಕೆಳಗೆ. "ಸಾಲಿನ ಕೊನೆಯಲ್ಲಿ ಎಂಟರ್ ಒತ್ತಬೇಡಿ" ಎಂಬ ಮೆಟ್ಟಿಲನ್ನು ಅಕ್ಕ ಗಟ್ಟಿಯಾಗಿ ಓದಿದಳು, ತಲೆಯಾಡಿಸಿದಳು, ಎಂಟರ್ ಒತ್ತಿದಳು. ಮತ್ತೆ ಓದಿದಳು, ಮತ್ತೆ ಒತ್ತಿದಳು.

"ಗಂಟೆ ಇಲ್ಲ, ಹಿಡಿ ಇಲ್ಲ. ಸಾಲು ಮುಗಿದಾಗ ಕೈ ಏನು ಮಾಡ್ಬೇಕು ಹಾಗಾದ್ರೆ?" ಎಂದು ತನ್ನಷ್ಟಕ್ಕೆ ತಾನೇ ಗೊಣಗಿದಳು. ತಂಗಿಯ ಪ್ರತಿಯಲ್ಲಿ ಆ ಪುಟದ ತುಂಬ ಚುಕ್ಕೆಗಳಾಗಿದ್ದವು.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಪ್ರಶ್ನೆ ಅವಳ ಬೆನ್ನು ಬಿಡಲಿಲ್ಲ. ಚಿಕ್ಕವಳಿದ್ದಾಗ ಅವಳು ಅಕ್ಷರ ಕಲಿತದ್ದೇ ಅಕ್ಕನ ಟೈಪ್‌ರೈಟರಿನಲ್ಲಿ. ರಜೆಯ ದಿನ ಕಚೇರಿಗೆ ಕರೆದೊಯ್ದು, ಮಡಿಲಲ್ಲಿ ಕೂರಿಸಿಕೊಂಡು, ಅಕ್ಕ ಒಂದೊಂದೇ ಅಕ್ಷರ ಒತ್ತಿಸುತ್ತಿದ್ದಳು. ಇವಳೋ ಎರಡೂ ಕೈಯಿಂದ ದಬದಬ ಬಡಿದು ಅಚ್ಚಿನ ಕಡ್ಡಿಗಳನ್ನೆಲ್ಲ ಒಂದಕ್ಕೊಂದು ಸಿಕ್ಕಿಸಿಹಾಕುವಳು. ಬಡಿಯಬೇಡ ಎಂದು ಅಕ್ಕ ಒಂದು ಸಲವೂ ಅಂದವಳಲ್ಲ. ಎಡಗೈಗೊಂದು ಅಳಿಸುವ ರಬ್ಬರ್ ಕೊಟ್ಟು, ಹಿಡ್ಕೊಂಡಿರು ಪುಟ್ಟಿ, ಅನ್ನುವಳು. ಹಿಡಿದುಕೊಳ್ಳುವ ಕೆಲಸ ಸಿಕ್ಕ ಕೂಡಲೇ ಆ ಕೈ ತಣ್ಣಗಾಗುತ್ತಿತ್ತು. ಕಲಿಸುವ ವಿದ್ಯೆಯೆಲ್ಲ ತನ್ನದೇ ಎಂದು ಬೀಗುತ್ತಿದ್ದವಳಿಗೆ ಅದು ಎಲ್ಲಿಂದ ಬಂದದ್ದೆಂದು ಈಗ ಹೊಳೆಯಿತು. ಅಕ್ಕನ ಮೇಲೆ ಪ್ರೀತಿ ಉಕ್ಕಿ ಬಂದು, ನಡುರಸ್ತೆಯಲ್ಲೇ ಕಣ್ಣು ಮಂಜಾಯಿತು.

ಮರುದಿನ ಆ ಮೆಟ್ಟಿಲು ಹೀಗಾಯಿತು: "ಸಾಲು ತುಂಬುತ್ತಾ ಬಂದಾಗ ಎರಡೂ ಕೈ ಎತ್ತಿ ಕನ್ನಡಕ ಸರಿಮಾಡಿಕೊಳ್ಳಿ. ಮುಂದಿನ ಪದ ಟೈಪ್ ಮಾಡಿ. ಸಾಲು ತಾನಾಗಿಯೇ ಕೆಳಗಿಳಿಯುವುದನ್ನು ನೋಡಿ."

ಅಕ್ಕ ಓದಿದಳು. ಕನ್ನಡಕ ಸರಿಮಾಡಿಕೊಂಡು ಟೈಪ್ ಮಾಡಿದಳು. ಪದ ತನ್ನ ಪಾಡಿಗೆ ಕೆಳಗಿಳಿಯಿತು. ಹಿಂದೆ ಸ್ಟೂಲಿನ ಮೇಲಿದ್ದವಳು ಚುಕ್ಕೆ ಇಡಲಿಲ್ಲ.

ಕೇಂದ್ರದ ಮುಖ್ಯಸ್ಥರಿಗೆ ಮಾತ್ರ ಇದು ಹಿಡಿಸಲಿಲ್ಲ. ಕನ್ನಡಕ ಇಲ್ಲದವರು ಏನು ಸರಿಮಾಡಿಕೊಳ್ಳಬೇಕಂತೆ ಎಂದು ಕೇಳಿದರು. ಅವರು ಕಿವಿ ಮುಟ್ಟಿಕೊಳ್ಳಲಿ ಸಾರ್ ಎಂದಳು ಇವಳು, ಮುಖದಲ್ಲಿ ನಗುವಿಲ್ಲದೆ. ವಾದ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತಿದ್ದ ಅವರು ಅದನ್ನೂ ಸೇರಿಸಿಕೊಂಡು ಅಚ್ಚಿಗೆ ಕಳಿಸಿದರು.

ಪರೀಕ್ಷೆಯ ದಿನ ತಂಗಿಗೆ ಪಾಠದ ಮೇಲೆ ಗಮನವೇ ನಿಲ್ಲಲಿಲ್ಲ. ಸಂಜೆ ಅಕ್ಕ ನೇರವಾಗಿ ಕೇಂದ್ರಕ್ಕೇ ಬಂದಳು. ಬಂದವಳು ಮೊದಲು ನೀರು ಕುಡಿದಳು, ಬೆವರು ಒರೆಸಿಕೊಂಡಳು, ಆಮೇಲೆ ಸಾವಕಾಶವಾಗಿ ಬಾಯಿಬಿಟ್ಟಳು. ಸಾಲುಸಾಲಿಗೂ ಅಕ್ಕನ ಕೈ ಕನ್ನಡಕಕ್ಕೆ ಹೋಗುವುದನ್ನು ಕಂಡ ಪರೀಕ್ಷಕರು, ಕನ್ನಡಕ ಸಡಿಲವಾಗಿದೆಯೇ ಎಂದು ವಿಚಾರಿಸಿದರಂತೆ. ಇಲ್ಲ ಸಾರ್, ಪುಸ್ತಕದಲ್ಲಿ ಹಾಗೇ ಇದೆ ಎಂದಳಂತೆ ಅಕ್ಕ. ಕೊನೆಗೆ ಅವರು ಅಕ್ಷರ ದೊಡ್ಡದು ಮಾಡಿಸಿದರು. ಒಂದು ಸಾಲೂ ಒಡೆಯಲಿಲ್ಲ. ಕಿಟಕಿ ಪಕ್ಕದ ಕುರ್ಚಿ ಅಕ್ಕನಿಗೇ ಉಳಿಯಿತು.

ತಂಗಿ ಖಾಲಿ ಲೋಟ ಒಳಗಿಟ್ಟು ಬಂದಳು. ಅಷ್ಟರಲ್ಲಿ ಅಕ್ಕ ಕಂಪ್ಯೂಟರ್ ಮುಂದೆ ಕೂತು, ಪಟ್ಟಿ ಹಾಕುವ ಪಾಠ ತೆರೆದಾಗಿತ್ತು. ತಂಗಿಯೂ ಸ್ಟೂಲೆಳೆದು ಹಿಂದೆ ಕೂತು ಕೈಗಳನ್ನು ತೊಡೆಯ ಕೆಳಗೆ ತೂರಿಸಿದಳು. ಅಕ್ಕ ತಿರುಗಿ ನೋಡಿ, ಚೀಲದಲ್ಲಿ ತಡಕಿ ಏನನ್ನೋ ತೆಗೆದಳು. ಟೈಪ್‌ರೈಟರ್ ಸಾಗಿಸುವ ಮುಂಚೆ ಮೇಜಿನ ಡ್ರಾಯರಿನಿಂದ ಎತ್ತಿಟ್ಟುಕೊಂಡಿದ್ದ, ಸವೆದು ಗುಂಡಗಾದ ರಬ್ಬರ್.

"ಕೈ ಜುಮುಗುಡುತ್ತೆ, ಈಚೆ ತೆಗಿ. ಇದನ್ನ ಹಿಡ್ಕೊಂಡಿರು ಪುಟ್ಟಿ," ಎಂದು ಅದನ್ನು ತಂಗಿಯ ಎಡಗೈಯಲ್ಲಿಟ್ಟು, ಬೆರಳು ಮಡಿಸಿ, ಪಾಠಕ್ಕೆ ತಿರುಗಿದಳು.