ಸೀರೆಯ ಮೇಲೆ ಎರಡು ಗಜ

ಇವತ್ತು ಬೆಳಿಗ್ಗೆ ಎದುರಿನ ಖಾಲಿ ಸೈಟಿನಲ್ಲಿ ಯಾರೋ ಉಕ್ಕಿನ ಟೇಪು ಹಿಡಿದು ಅಳೆಯುತ್ತಿದ್ದರು. ಟೇಪು ಸರ್ರನೆ ಡಬ್ಬಿಯೊಳಗೆ ಸೇರಿಕೊಂಡ ಸದ್ದಿಗೆ ನನ್ನ ಕೈಯ ಚಹಾ ಬಸಿಗೆ ತುಳುಕಿತು. ನರಗಳು ದುರ್ಬಲವಾಗಿವೆ ಎನ್ನುತ್ತಾರೆ ಡಾಕ್ಟರು. ಇದು ನರಗಳ ಮಾತಲ್ಲ. ಅಳತೆಯ ಸದ್ದು ಕೇಳಿದರೆ ನಾನು ಈಗಲೂ ಹೊಸ ಮಾಸ್ತರಿಣಿಯಂತೆ ಬೆಚ್ಚಿಬೀಳುತ್ತೇನೆ.

ಆಗ ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನನಗೆ ಮಾತ್ರ ಬಂದಿದೆ ಎಂದು ತಿಳಿದಿದ್ದೆ. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಕಲಿತವಳು, ಮೊಣಕಾಲು ಬಗ್ಗಿಸಿ ‘ಗುಡ್ ಮಾರ್ನಿಂಗ್’ ಅನ್ನುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದು ವರ್ಷದ ಪ್ರೊಬೇಷನ್ ಮೇಲೆ ನೌಕರಿ ಸಿಕ್ಕಿತ್ತು. ವಸತಿ ವಕೀಲ ಕಾಕಾನ ಮನೆಯಲ್ಲಿ. ನೌಕರಿ ಕಾಯಂ ಆಗುವುದು ಬಿಡುವುದು ಎಸ್ತರ್ ಅಕ್ಕೋರ ಕೈಯಲ್ಲಿತ್ತು. ಮಿಷನ್ ಚರ್ಚಿನ ಮನೆತನದ ಆ ಹಿರಿಯ ಶಿಕ್ಷಕಿ ಇಡೀ ಶಾಲೆಯ ಲೆಕ್ಕದ ಪಾಠಕ್ಕೆ ಮುಖ್ಯಸ್ಥೆ. ಹುಡುಗಿಯರಿಗಷ್ಟೇ ಅಲ್ಲ, ಕಲಿಸುವ ನಮಗೂ ಕಲಿಸುವವರು ಅವರೇ.

ಒಂದು ದಿನ ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಬಂದು ಕುಳಿತರು. ನಾನು ಸ್ಕ್ವೇರ್ ಮೆಷರ್ ಪಾಠವನ್ನು, ಇಷ್ಟು ಗುಂಟೆಗೆ ಇಷ್ಟು ಎಕರೆ ಎಂದು, ಮುತ್ತು ಪೋಣಿಸಿದಂಥ ಅಕ್ಷರಗಳಲ್ಲಿ ಬೋರ್ಡಿನ ತುಂಬ ಬರೆದು ಮುಗಿಸಿದೆ. ಹುಡುಗಿಯರು ಹೊರಗೆ ಹೋದ ಮೇಲೆ ಅಕ್ಕೋರು ಕೇಳಿದರು: ‘ಈ ಕ್ಲಾಸು ಎಷ್ಟು ಗುಂಟೆ ಆದೀತು, ಹೇಳ್ರಿ?’

‘ಒಂದ್ ನಾಕ್ ಗುಂಟೆ ಇರಬಹುದ್ರಿ.’

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ‘ಅರ್ಧ ಗುಂಟೇನೂ ಇಲ್ಲ. ನಾಕ್ ಗುಂಟ್ಯಾಗ ನಮ್ಮ ಸಾಲಿ ಕಟ್ಟಡ ಪೂರಾ ಕುಂದರ್ತೈತಿ. ನೀವ ಕಾಣದ್ದನ್ನ ಹುಡುಗ್ಯಾರಿಗೆ ಹೆಂಗ ಕಾಣಸ್ತೀರಿ?’

ನೀವೇ ಹೇಳಿ, ಅರಿತ್‌ಮೆಟಿಕ್‌ನಲ್ಲಿ ಪ್ರೈಜ್ ತೆಗೆದುಕೊಂಡವಳಿಗೆ ಇದು ಎಂಥ ಶಾಕ್! ಗುಂಟೆ ಎಂಬ ಶಬ್ದವನ್ನು ನಾನು ಸಾವಿರ ಸಲ ಬರೆದಿದ್ದೆ. ಅದು ನೆಲದ ಮೇಲೆ ಎಲ್ಲಿಂದ ಎಲ್ಲಿಗೆ ಬರುತ್ತದೆಂದು ಒಮ್ಮೆಯೂ ನೋಡಿರಲಿಲ್ಲ.

ಅದಕ್ಕಿಂತ ದೊಡ್ಡ ಶಾಕ್ ಶನಿವಾರಕ್ಕೆ ಕಾದಿತ್ತು. ಅಕ್ಕೋರು ಎಲ್ಲಿಂದಲೋ ಸರ್ವೇಯವರ ಕಬ್ಬಿಣದ ಸರಪಳಿ ತರಿಸಿದ್ದರು. ಶಾಲೆಯ ಅಂಗಳವನ್ನು ಶಿಕ್ಷಕಿಯರೇ ಅಳೆಯಬೇಕಂತೆ. ಒಳಗೆ ಕಂಪೌಂಡ್ ಗೋಡೆಗುಂಟ ಮುಳ್ಳುಕಂಟಿ ಬೆಳೆದಿದ್ದರಿಂದ ಗೋಡೆಯ ಹೊರಗಿನಿಂದ, ನಡುರಸ್ತೆಯಲ್ಲಿ! ಜವಾನ ಸರಪಳಿ ಹಿಡಿಯಲು ಕೈಚಾಚಿದ, ಅವನನ್ನು ಒಳಗೆ ಕಳಿಸಿಬಿಟ್ಟರು. ಸರಪಳಿಯ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅದು ಖಣಖಣ ಎಂದು ಸದ್ದು ಮಾಡಿ ಊರನ್ನೇ ಕರೆಯಿತು. ಟಾಂಗಾದವನೊಬ್ಬ ಕುದುರೆ ನಿಲ್ಲಿಸಿ, ‘ಏನ್ರೀ ಅಕ್ಕೋರ, ರಸ್ತಾ ಮಾರಾಕ ತಗದೀರೇನು?’ ಎಂದ.

ಅಕ್ಕೋರು ಬಗ್ಗಿದ ತಲೆ ಎತ್ತಲಿಲ್ಲ. ‘ಅಳತಿ ಮುಗೀಲಿ ತಡಿ. ರೇಟ್ ಆಮ್ಯಾಲ ಹೇಳ್ತೇನಿ.’

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ವಕೀಲರ ಮನೆಯ ಹುಡುಗಿ ಹಾದಿಯಲ್ಲಿ ಸರಪಳಿ ಎಳೆಯುತ್ತಾಳೆಂದು ಕೋರ್ಟಿನ ಕಟ್ಟೆಯ ಮೇಲೆಲ್ಲ ಮಾತಾಗಿದೆಯಂತೆ. ಸೋಮವಾರದಿಂದ ಶಾಲೆಯ ಹೆಸರೆತ್ತಬಾರದು ಎಂದರು ಕಾಕಾ. ಅಂದು ನಾನು ಊಟ ಮಾಡಲಿಲ್ಲ. ನೌಕರಿ ಹೋದರೆ ಮುಂದೆ ಉಳಿದದ್ದು ಲಗ್ನವೊಂದೇ. ಗಂಡು ನೋಡುವುದೂ ನಡೆದಿತ್ತು.

ರವಿವಾರ ಸಂಜೆ ಎಸ್ತರ್ ಅಕ್ಕೋರೇ ಮನೆಗೆ ಬಂದರು. ಕ್ಷಮೆ ಕೇಳಲು ಬಂದಿದ್ದಾರೆ ಎಂದುಕೊಂಡೆ. ಕಾಕಾ ಹೇಳಿದ್ದನ್ನೆಲ್ಲ ಅಕ್ಕೋರು ಕೇಳಿಸಿಕೊಂಡು, ‘ಆತ್ರಿ, ಹುಡುಗೀನ್ನ ಬಿಡಸ್ರಿ. ನಿಮ್ಮ ಮನೀ ಮಾತು,’ ಎಂದರು. ‘ಆದ್ರ ಅಳತಿ ಅರ್ಧಕ್ಕ ನಿಂತೈತಿ. ಸರಪಳಿ ಇನ್ನೊಂದ್ ತುದಿ ಹಿಡ್ಯಾಕ ನಿಮ್ಮ ಮನ್ಯಾಗಿಂದ ಒಬ್ಬರನ್ನ ಕೊಡ್ರಿ.’

ಕಾಕಾ ಬಾಯಿ ತೆರೆಯುವುದರೊಳಗೆ ಅಡುಗೆಮನೆಯ ಬಾಗಿಲಿನಿಂದ ದನಿ ಬಂತು. ‘ನಾ ಹಿಡೀತೀನ್ರಿ.’

ಕಾಕಾನ ಹೆಂಡತಿ, ನಮ್ಮ ಕಾಕು! ಹೊರಗಿನವರು ಬಂದರೆ ಚಹಾದ ಕಪ್ಪನ್ನೂ ಬಾಗಿಲ ಮರೆಯಿಂದಲೇ ನನ್ನ ಕೈಗೆ ಕೊಡುತ್ತಿದ್ದವಳು. ಪಡಸಾಲೆಯಲ್ಲಿ ಆಕೆಯ ದನಿ ನಾನು ಕೇಳಿದ್ದೇ ಅದು ಮೊದಲು. ಸೆರಗು ಹೊದ್ದು ಹೊಸ್ತಿಲ ಮೇಲೆ ನಿಂತಿದ್ದಳು. ಕಾಕಾ ಆಕೆಯನ್ನು ನೋಡಿದರು, ನನ್ನನ್ನು ನೋಡಿದರು. ರಸ್ತೆಯ ಮೇಲೆ ನಿಲ್ಲುವವಳು ಅಣ್ಣನ ಮಗಳೋ ಹೆಂಡತಿಯೋ ಎಂದು ಅವರು ಒಳಗೇ ತೂಗುತ್ತಿರುವುದು ಮುಖದ ಮೇಲೆ ಕಾಣುತ್ತಿತ್ತು. ಕೊನೆಗೆ ನನ್ನ ಕಡೆ ಕೈತೋರಿಸಿ, ‘ಇಕೀನ ಬರ್ತಾಳ ತಗೋರಿ,’ ಎಂದು ಎದ್ದುಹೋದರು.

ಅಕ್ಕೋರು ಹೋದ ಮೇಲೆ, ನನ್ನನ್ನು ಉಳಿಸಲೆಂದೇ ಕಾಕು ಹಾಗಂದಳು ಎಂದು ಕಣ್ಣೀರು ತಂದುಕೊಂಡು ಒಳಗೆ ಹೋದೆ. ಆಕೆಗೆ ನನ್ನ ಕಣ್ಣೀರಿನ ಗರಜೇ ಇರಲಿಲ್ಲ. ‘ಗುಂಟೆ, ಗುಂಟೆ ಅಂತ ನಿಮ್ಮ ಕಾಕಾನ ಬಾಯಾಗ ದಿನಾ ಕೇಳ್ತೀನಿ. ಗುಂಟೆ ಅಂದ್ರ ಎಷ್ಟವಾ? ತೋರಸು.’

‘ಉದ್ದ ಹನ್ನೊಂದು ಗಜ, ಅಗಲ ಹನ್ನೊಂದು ಗಜ, ಕಾಕು. ನಿನ್ನ ಸೀರಿ ಮ್ಯಾಲೆ ಎರಡು ಗಜ.’

ಕಾಕು ಒಣಹಾಕಿದ್ದ ಒಂಬತ್ತು ಗಜದ ಸೀರೆ ತಂದು ಒಂದು ತುದಿ ನನಗೆ ಕೊಟ್ಟಳು. ನಾನು ಮುಂಬಾಗಿಲಲ್ಲಿ ನಿಂತೆ. ಆಕೆ ಪಡಸಾಲೆ ದಾಟಿ, ನಡುಮನೆ ದಾಟಿ, ಅಡುಗೆಮನೆಯೊಳಗೆ ಹೋದಳು. ಹಿತ್ತಲ ಬಾಗಿಲು ಬಂದರೂ ಅವಳ ಕೈಯಲ್ಲಿ ಸೀರೆ ಇನ್ನೂ ಉಳಿದಿತ್ತು. ಅಡ್ಡಕ್ಕೆ ಹಿಡಿದೆವು, ಅಲ್ಲಿಯೂ ಉಳಿಯಿತು.

ಕಾಕು ಸೀರೆಯನ್ನು ನಿಧಾನವಾಗಿ ಮಡಚತೊಡಗಿದಳು. ‘ಲಗ್ನ ಆಗಿ ಬಂದಾಗಿಂದ ಇದರಾಗ ನಡದೇನಿ,’ ಎಂದಳು. ‘ಕಾಲು ಸೋತಾವ. ಭಾಳ ದೊಡ್ಡ ಮನಿ ಅಂತ ತಿಳದಿದ್ದೆ.’

ನನ್ನ ನೌಕರಿ ಕಾಯಂ ಆಯಿತು, ಲಗ್ನವಾದ ಮೇಲೂ ಬಿಡಲಿಲ್ಲ. ಮುಂದೆ ಎಸ್ತರ್ ಅಕ್ಕೋರ ಜಾಗಕ್ಕೆ ನಾನೇ ಬಂದು, ಎಷ್ಟೋ ಹೊಸ ಶಿಕ್ಷಕಿಯರ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕುಳಿತು ಅದೇ ಪ್ರಶ್ನೆ ಕೇಳಿ, ಅವರ ಮುಖ ಬಿಳಿಚಿದ್ದನ್ನು ನೋಡಿದ್ದೇನೆ. ಯಾವ ಅಂಗಳವನ್ನೂ ಕಣ್ಣಳತೆಯಲ್ಲೇ ಹೇಳಬಲ್ಲೆ. ನನ್ನ ಮನೆಯನ್ನು ಮಾತ್ರ ಇಷ್ಟು ವರ್ಷ ಅಳೆಯಲಿಲ್ಲ. ಧೈರ್ಯ ಸಾಲಲಿಲ್ಲ ಅನ್ನಿ.

ಇವತ್ತು ಚಹಾದ ಕಪ್ಪು ಇಡಲು ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಒಲೆಯಿಂದ ನಲ್ಲಿಗೆ, ನಲ್ಲಿಯಿಂದ ಒಲೆಗೆ ತಿರುಗುತ್ತಿದ್ದ ಸೊಸೆಯನ್ನು, ಈ ಜಾಗ ನಿನಗೆ ಸಾಕಾಗುತ್ತದೆಯೇ ಎಂದು ಕೇಳಿದೆ.

ಆಕೆ ಗಾಬರಿಯಿಂದ ಗ್ಯಾಸ್ ಆರಿಸಿದಳು. ‘ಯಾಕ್ರಿ ಅತ್ತಿ, ನಾ ಏನರ ಅಂದೆನೇನು?’