ಸೀಟು ಹೆಚ್ಚಿಸಿದ ಸಮಿತಿ

ನನ್ನ ಗಂಡ ಮೋಹನ್ ಭಾನುವಾರ ಬೆಳಿಗ್ಗೆ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುವುದನ್ನು ನಾನು ಇಷ್ಟು ವರ್ಷ ನಿರುಪದ್ರವಿ ಚಟವೆಂದೇ ತಿಳಿದಿದ್ದೆ. ಸಿಡ್ನಿಯ ಎಪ್ಪಿಂಗ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಟಿವಿಯಲ್ಲಿ ಹೆಲ್ಮೆಟ್ ತೊಟ್ಟ ಹುಡುಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರೆ, ನಾನು ಪಕ್ಕದಲ್ಲಿ ಕೂತು ಸೊಪ್ಪು ಸೋಸುತ್ತಿದ್ದೆ. ಆ ಆಟ ನನಗೆ ಇಂದಿಗೂ ಅರ್ಥವಾಗಿಲ್ಲ. ಅದರ ಸುತ್ತಲಿನ ಜಗಳ ಮಾತ್ರ ತಕ್ಷಣ ಅರ್ಥವಾಯಿತು. ಅಲ್ಲಿನ ಕಾಲೇಜುಗಳು ಕಾನ್ಫರೆನ್ಸ್ ಎಂಬ ಗುಂಪುಗಳಲ್ಲಿವೆ. ಕಪ್‌ಗಾಗಿ ಆಡುವ ಕೊನೆಯ ಸುತ್ತಾದ ಪ್ಲೇಆಫ್‌ಗೆ ಯಾರು ಬರಬೇಕೆಂದು ಒಂದು ಸಮಿತಿ ಆರಿಸುತ್ತದೆ. ದೊಡ್ಡ ಗುಂಪುಗಳು ಹೆಚ್ಚು ಸೀಟು ಕೇಳುತ್ತವೆ. ಸಣ್ಣ ಗುಂಪಿನ ತಂಡ ಎಲ್ಲ ಪಂದ್ಯ ಗೆದ್ದು ಬಂದರೂ, ಗೆದ್ದಿದ್ದು ಯಾರ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ಕೂಗು ಜೋರಾದರೆ ಸೀಟು ಹೆಚ್ಚುತ್ತದೆ.

ಈ ವರ್ಷ ಸಿಡ್ನಿ ಕನ್ನಡಿಗರ ಮಹಿಳಾ ಥ್ರೋಬಾಲ್‌ಗೆ ಇದೇ ಪದ್ಧತಿ ತರಬೇಕೆಂದು ಮೋಹನ್ ಸಲಹೆ ಕೊಟ್ಟರು. ಸಮಿತಿಗೂ ಸೇರಿದರು. ಉಳಿದ ಸದಸ್ಯರೆಲ್ಲ ರೌಸ್ ಹಿಲ್ ಬಡಾವಣೆಯವರು. ಪ್ಲೇಆಫ್‌ಗೆ ನಾಲ್ಕು ತಂಡ ಆರಿಸಿದರು. ರೌಸ್ ಹಿಲ್‌ನ ಎರಡು ತಂಡ ಬಂದವು, ನಮ್ಮ ಎಪ್ಪಿಂಗ್ ಬಂತು, ಇನ್ನೊಂದು ಬಡಾವಣೆಯ ತಂಡವೂ ಬಂತು. ಒಂದೂ ಪಂದ್ಯ ಸೋಲದ ಹ್ಯಾರಿಸ್ ಪಾರ್ಕ್ ಬರಲಿಲ್ಲ.

"ಅವ್ರು ಸೋಲಿಸಿದ ಟೀಮ್‌ಗಳೆಲ್ಲಾ ವೀಕ್ ಕಣೇ," ಎಂದರು ಮೋಹನ್.

"ಅದ್ರಲ್ಲಿ ನಮ್ಮ ಟೀಮೂ ಇತ್ತಲ್ರೀ!"

"ಅದನ್ನೇ ಹೇಳಿದ್ದು."

ಮಾತು ಸುಳ್ಳಲ್ಲ. ಅವರೊಡನೆ ಆಡಿದ ದಿನ ಚೆಂಡು ನನ್ನ ಕಡೆ ಬಂದಾಗಲೆಲ್ಲ ನಾನು ಸಭ್ಯವಾಗಿ ದಾರಿ ಬಿಟ್ಟಿದ್ದೆ.

ಗಲಾಟೆಯಾಯಿತು. ಸಮಿತಿ ಉದಾರವಾಗಿ ನಾಲ್ಕನ್ನು ಎಂಟು ಮಾಡಿತು. ಶನಿವಾರವೇ ಮುಗಿಯಬೇಕಿದ್ದ ಆಟ ಭಾನುವಾರಕ್ಕೂ ಹಬ್ಬಿತು. ಹ್ಯಾರಿಸ್ ಪಾರ್ಕ್ ನಾಯಕಿ ರೇಣುಕಾ ಧಾರವಾಡದವಳು. ಓದಲು ಬಂದು, ಇಲ್ಲೇ ಕಾಯಂ ನೆಲೆಸಲು ಪಿಆರ್ ಪಡೆದು, ವೃದ್ಧರ ಆರೈಕೆಯ ಕೆಲಸದಲ್ಲಿದ್ದಾಳೆ. ಸಮಿತಿಯ ಅಧ್ಯಕ್ಷ ಶಿವರಾಂ ಅವರ ಮುಂದೆ ಬಂದು ನಿಂತಳು.

"ಅಂಕಲ್, ಭಾನುವಾರ ನಮಗೆಲ್ಲಾ ಶಿಫ್ಟ್ ಐತ್ರಿ. ನಮ್ಮ ಸಲುವಾಗಿ ಸೀಟ್ ಹೆಚ್ಚ ಮಾಡಿ, ನಮ್ಮನ್ನ ಹೊರಗ ಹಾಕಿದ್ರಲ್ರೀ."

"ಹೊರಗೆ ಎಲ್ಲಮ್ಮಾ? ಕ್ವಾಲಿಫೈ ಆಗಿದೀರಲ್ಲ. ರೆಪ್ರೆಸೆಂಟೇಷನ್ ಮುಖ್ಯ. ಆಡೋದು ಆಮೇಲಿನ ವಿಷಯ."

ಶನಿವಾರ ಹ್ಯಾರಿಸ್ ಪಾರ್ಕ್ ಸುಲಭವಾಗಿ ಗೆದ್ದಿತು. ಅದೇನು ಪವಾಡವೋ, ನಾವೂ ಗೆದ್ದೆವು. ಭಾನುವಾರದ ಸೆಮಿಫೈನಲ್‌ನಲ್ಲಿ ನಮಗೆ ಅವರೇ ಎದುರಾಳಿ. ಅವರು ಬರುವುದಿಲ್ಲ, ಹಾಗಾಗಿ ನಾವು ಆಡದೆಯೇ ಫೈನಲ್‌ಗೆ. ಮೋಹನ್ ನನ್ನ ಕೈ ಕುಲುಕಿದರು. ಅತ್ತ ರೇಣುಕಾ ನೆಟ್ಟಗೆ ನಿಂತು ಖಾಲಿ ಅಂಕಣವನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಬೆಳಕಿದೆ, ಈಗ್ಲೇ ಆಡೋಣ ಬಾಮ್ಮಾ," ಎಂದೆ.

ಶಿವರಾಂ ಓಡಿ ಬಂದರು. "ಶೆಡ್ಯೂಲ್ ಆಗಿಹೋಗಿದೆ! ಇದು ಲೆಕ್ಕಕ್ಕಿಲ್ಲ!"

"ಲೆಕ್ಕಕ್ಕ ಬ್ಯಾಡ ಬಿಡ್ರಿ," ಎಂದು ರೇಣುಕಾ ಚೆಂಡೆತ್ತಿಕೊಂಡಳು.

ಆಡಿದೆವು. ಮನೆಗೆ ಹೊರಟಿದ್ದವರೆಲ್ಲ ಕಾರು ಬಿಟ್ಟು ವಾಪಸ್ ಬಂದು ನೋಡಿದರು. ಈ ಸಲ ನಾನು ದಾರಿ ಬಿಡಲಿಲ್ಲ. ಒಂದು ಚೆಂಡನ್ನು ಹಿಡಿದೂಬಿಟ್ಟೆ. ಆದರೂ ಚೆನ್ನಾಗಿಯೇ ಸೋತೆವು. ಸೋತ ಮೇಲೆ ಫೈನಲ್‌ಗೆ ಯಾವ ಮುಖ ಹೊತ್ತು ಹೋಗುವುದೆಂದು ನಮ್ಮ ತಂಡವೂ ಭಾನುವಾರ ಮನೆಯಲ್ಲೇ ಉಳಿಯಿತು. ಇನ್ನೊಂದು ಸೆಮಿಫೈನಲ್‌ನಲ್ಲಿ ರೌಸ್ ಹಿಲ್‌ನ ಮೊದಲ ತಂಡ ರೌಸ್ ಹಿಲ್‌ನ ಎರಡನೇ ತಂಡವನ್ನು ಸೋಲಿಸಿ, ಫೈನಲ್ಲೇ ಇಲ್ಲದೆ ಕಪ್ ಹಿಡಿದು ಫೋಟೋ ತೆಗೆಸಿಕೊಂಡಿತು.

"ಮುಂದಿನ ವರ್ಷ ಹದಿನಾರು ಟೀಮ್ ಮಾಡ್ತೀವಿ," ಎನ್ನುತ್ತಾ ಮೋಹನ್ ಮನೆಗೆ ಬಂದರು.

ನಾನು ಭುಜಕ್ಕೆ ನೋವಿನ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಎದುರಿಗೆ ನಿಂತವರ ಕೈಲಿ ಸೋತು ಬಂದ ನೋವು ಅದು. ಅಂಥದ್ದನ್ನು ಯಾವ ಸಮಿತಿಯೂ ಯಾರಿಗೂ ಹಂಚಲಾರದು.